ಸುಮೇಧಾಳ ಕಾಯಿಲೆಯ ಹೆಸರು

ನೆರೂಳ, ನವಿಮುಂಬಯಿ
೧೧ ಆಗಸ್ಟ್ ೨೦೨೪

ಚಿ. ಸೌ. ಶ್ರೀಲಕ್ಷ್ಮಿಗೆ,

ಅಕ್ಕ ವಾರಿಜಾಳ ಆಶೀರ್ವಾದಗಳು. ವಾಂತಿ ಕಡಿಮೆಯಾಯಿತೇ? ಎದ್ದ ಕೂಡಲೇ ಚಹಾ ಕುಡಿಯಬೇಡ, ಒಂದು ಮುಷ್ಟಿ ಅರಳು ತಿನ್ನು. ನೀನು ಅಷ್ಟು ಸಂತೋಷದಿಂದ ಬಸುರಿನ ಸುದ್ದಿ ಹೇಳಿದೆ. ನಾನು "ಒಳ್ಳೇದಾಯ್ತು" ಎಂದಷ್ಟೇ ಹೇಳಿ ಫೋನಿಟ್ಟೆ. ಆಮೇಲೆ ಮಾತೇ ಆಡಲಿಲ್ಲ. ಬೇಜಾರು ಮಾಡಿಕೊಂಡಿರುತ್ತೀ, ಕ್ಷಮಿಸು. ಫೋನಿನಲ್ಲಿ ಹೇಳೋಣವೆಂದರೆ ಅತ್ತೆ ಈಗ ಠಾಣೆಯ ವರ್ತಕ ನಗರದಲ್ಲಿ ನಿನ್ನ ಜೊತೆಗೇ ಇದ್ದಾರೆ. ಅದಕ್ಕೇ ಈ ಕಾಗದ. ನಿನ್ನ ಭಾವನೇ ಇವತ್ತು ಸಂಜೆ ತಂದು ನಿನ್ನ ಕೈಗೆ ಕೊಡುತ್ತಾರೆ. ಕೋಣೆಯ ಬಾಗಿಲು ಹಾಕಿಕೊಂಡು ಓದು.

ನನ್ನ ಮಗಳು ಸುಮೇಧಾಳಿಗೆ ಐದು ವರ್ಷ ತುಂಬಿತು. ಗೋಡೆ ಹಿಡಿದು ನಿಲ್ಲಲು ಕಲಿತಿದ್ದಳಲ್ಲ, ಹೋದ ತಿಂಗಳು ಜ್ವರ ಬಂದ ಮರುದಿನ ಬಲಗೈ ಮೇಲೇಳಲಿಲ್ಲ, ಬಾಯಿ ಒಂದು ಕಡೆಗೆ ವಾಲಿತು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ಜಾಗದಿಂದ ರಕ್ತ ನಿಲ್ಲದೆ ನರ್ಸ್ ಹತ್ತಿ ಬದಲಿಸುತ್ತಲೇ ಇದ್ದಳು. ಕೆಲವು ದಿನ ಕಳೆದ ಮೇಲೆ ಬೆರಳು ಆಡಿತು. ಈಗ ಪುನಃ ಕೂರುತ್ತಾಳೆ, ನಗುತ್ತಾಳೆ, ನಿಲ್ಲುವುದಿಲ್ಲ. ಮೈ ಸ್ವಲ್ಪ ಬಿಸಿಯಾದರೂ ಥರ್ಮಾಮೀಟರ್ ಹಿಡಿದು ರಾತ್ರಿಯಿಡೀ ಕೂರುತ್ತೇನೆ. ಲೋಕಲ್ ರೈಲಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡರೆ ಹೆಂಗಸರು, "ಇತ್ನೀ ಬಡೀ ಹೋ ಗಯೀ, ಚಲ್ತೀ ನಹೀ ಕ್ಯಾ?" ಎಂದು, ಇಷ್ಟು ದೊಡ್ಡವಳಾದರೂ ನಡೆಯುವುದಿಲ್ಲವೇ ಎಂದು ಕೇಳುತ್ತಾರೆ. ನಾನು ಕಿಟಕಿಯ ಹೊರಗೆ ನೋಡುತ್ತೇನೆ.

ಹುಟ್ಟುವಾಗ ಅಳಲಿಲ್ಲ, ತಲೆಗೆ ಉಸಿರು ಸಾಲಲಿಲ್ಲ, ಅದಕ್ಕೇ ಹೀಗೆ ಎಂದು ಮಾವ ಎಲ್ಲರಿಗೂ ಹೇಳಿದ್ದಾರೆ. ನೀನು ಅದನ್ನೇ ನಂಬಿದ್ದೀ. ಈ ಫೆಬ್ರವರಿಯವರೆಗೆ ನಾನೂ ನಂಬಿದ್ದೆ. ಅದು ನಿಜವಲ್ಲ ಲಕ್ಷ್ಮೀ.

ನಿನ್ನ ಮದುವೆ ಮುಗಿದ ಮೇಲೆ ನಾವು ಡಾಕ್ಟರ್ ವೈಶಾಲಿ ಎಂಬವರ ಹತ್ತಿರ ಹೋದೆವು. ಧಾರವಾಡದ ಕಡೆಯವರು. ಮಗುವಿನ ಓರೆಗಣ್ಣು, ಸೊಂಟದ ಹಿಂದೆ ಉಬ್ಬಿಕೊಂಡ ಕೊಬ್ಬು ಎಲ್ಲ ನೋಡಿ, ಮೊದಲು ರಕ್ತ, ಆಮೇಲೆ ವಂಶವಾಹಿ ಪರೀಕ್ಷೆ ಮಾಡಿಸಿದರು. ವರದಿ ಬಂದ ದಿನ ನಾಲಿಗೆ ಹೊರಳದ ಇಂಗ್ಲಿಷ್ ಹೆಸರೊಂದನ್ನು ಓದಿ, ನಮ್ಮನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು: "ನೋಡ್ರಿ, ಮೈಯಾಗಿನ ಜೀವಕೋಶ ಪ್ರೋಟೀನ್ ಮಾಡ್ತಾವ. ಮಾಡಿದ ಕೂಡ್ಲೆ ಅದು ಕೆಲಸಕ್ಕ ಬರೂದಿಲ್ಲ. ಅದಕ್ಕ ಸಣ್ಣ ಸಕ್ಕರಿ ಸರಪಳಿ ಜೋಡಿಸಬೇಕು. ಆವಾಗ ಅದು ಸರಿಯಾದ ಜಾಗಾಕ್ಕ ಹೋಗಿ ತನ್ನ ಕೆಲಸ ಮಾಡ್ತದ. ಈ ಕೂಸಿನೊಳಗ ಆ ಸಕ್ಕರಿ ತಯಾರು ಮಾಡೂ ಕಿಣ್ವನ ಸೊರಗೇದ. ಭಾಳ ಪ್ರೋಟೀನು ಸರಪಳಿ ಇಲ್ಲದನ ಹೊಂಟಾವ. ಹಿಂಗಾಗಿ ಮಿದುಳು, ಕಣ್ಣು, ರಕ್ತ, ಎಲ್ಲಾ ಕಡೆ ಪೆಟ್ಟು ಬಿದ್ದದ."

"ಔಷಧ ಉಂಟಲ್ಲ ಡಾಕ್ಟ್ರೇ?" ಎಂದು ಇವರು ಕೇಳಿದರು.

"ಗುಣಾ ಮಾಡೂವಂಥಾದ್ದು ಇನ್ನೂ ಇಲ್ರಿ. ಜ್ವರ ಬಂದಾಗ ಹುಷಾರಾಗಿರೂದು, ವ್ಯಾಯಾಮ ಮಾಡಿಸೂದು, ಅಷ್ಟ."

ಸಕ್ಕರೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅತ್ತೆ ಇಲ್ಲಿಗೆ ಬಂದಾಗಲೆಲ್ಲ ಮಗುವಿನ ಹಾಲಿಗೆ ಸಕ್ಕರೆ ಹಾಕುವುದನ್ನು ಬಿಟ್ಟರು. ಇದು ಮಧುಮೇಹವಲ್ಲವೆಂದು ಹೇಳಿ ಹೇಳಿ ಸಾಕಾಯಿತು. ಮಾವನಿಗೆ ಮಾತ್ರ ಪೂರ್ತಿ ಅರ್ಥವಾಯಿತು. ನೌಪಾಡಾದ ತಮ್ಮ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು, "ನಮ್ಮ ಮನೆತನದಲ್ಲಿ ಇಂಥದ್ದುಂಟು ಅಂತ ಊರಿಗೆಲ್ಲ ಹೇಳ್ಕೊಂಡು ಬರ್ಲಿಕ್ಕೆ ಹೋಗ್ಬೇಡಿ. ಇಬ್ರೂ ಬಾಯಿ ಮುಚ್ಕೊಂಡಿರಿ," ಎಂದರು.

ಬಾಯಿ ಮುಚ್ಚಿಕೊಂಡೇ ಇದ್ದೆವು. ಈಗ ಆಗುವುದಿಲ್ಲ.

ಈ ದೋಷ ಮಗುವಿಗೆ ನನ್ನಿಂದ ಅರ್ಧ, ಇವರಿಂದ ಅರ್ಧ ಬಂದದ್ದು. ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ, ಒಂದು ಪಾಲಿದ್ದರೆ ಏನೂ ಆಗುವುದಿಲ್ಲ, ಎರಡೂ ಪಾಲು ಒಂದೇ ಮಗುವಿಗೆ ಸೇರಿದರೆ ಹೀಗೆ. ಒಡಹುಟ್ಟಿದವರಲ್ಲೂ ಆ ಪಾಲು ಇರಬಹುದೆಂದು ಡಾಕ್ಟರು ಹೇಳಿದರು. ನೀನು ನನ್ನ ತಂಗಿ. ನಿನ್ನ ವಿಶ್ರುತ ಇವರ ತಮ್ಮ. ಅಕ್ಕತಂಗಿಯರಿಬ್ಬರೂ ಒಂದೇ ಮನೆ ಸೇರಿದರು ಎಂದು ಮಂಟಪದಲ್ಲಿ ಎಲ್ಲರೂ ಹೊಗಳುವಾಗ ನಾನೂ ಹಿಗ್ಗಿದ್ದೆ.

ನಿಮ್ಮಿಬ್ಬರಲ್ಲಿ ಒಬ್ಬರ ರಕ್ತದಲ್ಲಿ ಅದು ಇಲ್ಲದಿದ್ದರೂ ಸಾಕು, ಈ ಕಾಯಿಲೆಯ ಹೆದರಿಕೆ ಇಲ್ಲ. ಇಬ್ಬರಲ್ಲೂ ಇದ್ದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮೊದಲು ನಿಮ್ಮ ರಕ್ತ ನೋಡಬೇಕು, ವರದಿಗೆ ಕಾಯಬೇಕು. ಹೊಟ್ಟೆಯೊಳಗಿನ ಮಗುವಿನ ಪರೀಕ್ಷೆ ಮೂರನೆಯ ತಿಂಗಳು ಮುಗಿಯುವ ಹೊತ್ತಿಗೆ ಮಾಡುತ್ತಾರೆ. ನಿನಗೀಗ ಎರಡು ದಾಟಿದೆ.

ಇವರು ಹೋದ ವಾರ ವಿಶ್ರುತನನ್ನು ಠಾಣೆ ಸ್ಟೇಷನ್ನಿನಲ್ಲಿ ಕಂಡು ಎಲ್ಲ ಹೇಳಿದರು. ಅವನು, "ಅಣ್ಣಾ, ಈಗ ಬೇಡ. ಅವಳು ಹೆದರ್ತಾಳೆ. ಎಲ್ಲ ಸರಿ ಇರ್ತದೆ, ನೋಡುವ," ಎಂದು ಗಾಡಿ ಹತ್ತಿ ಹೋದನಂತೆ. ಅವನ ಮೇಲೆ ಕೋಪ ಮಾಡಬೇಡ; ಅವನೂ ಹೆದರಿದ್ದಾನೆ. ಆದರೆ ಅವನು ಧೈರ್ಯ ತಂದುಕೊಳ್ಳುವವರೆಗೆ ಕಾಯಬೇಡ. ನಾಳೆಯೇ ಹೊರಡು. ಡಾಕ್ಟರಿಗೆ ನಿನ್ನ ಹೆಸರು ಹೇಳಿಟ್ಟಿದ್ದೇನೆ. ಅತ್ತೆ ಕೇಳಿದರೆ ಅಕ್ಕನ ಮನೆಗೆ ಎನ್ನು. ನಾನು ನೆರೂಳ ಸ್ಟೇಷನ್ನಿನಲ್ಲೇ ನಿಂತಿರುತ್ತೇನೆ.

ನಿನ್ನ ಮಡಿಲು ತಣ್ಣಗಿರಲಿ. ನಾನು ಹೆದರಿದ್ದೆಲ್ಲ ಸುಳ್ಳಾಗಲಿ.

ನಿನ್ನ ಅಕ್ಕ,
ವಾರಿಜಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಪುನಃ ಬಿಡಿಸಿದೆ. ಏಪ್ರಿಲ್‌ನಲ್ಲಿ ನಾನೂ ಬಸುರಿಯಾಗಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಪರೀಕ್ಷೆ ಮಾಡಿಸಿದೆವು, ಆ ಮಗುವಿಗೂ ಇದೇ. ಬೇಡವೆಂದು ಹೇಳಿದವಳು ನಾನು. ಇವರು ನನ್ನ ಕೈ ಹಿಡಿದು ಕೂತಿದ್ದರು. ನೀನೂ ಹಾಗೇ ಮಾಡು ಎನ್ನುತ್ತಿಲ್ಲ. ಅದನ್ನು ಯಾರೂ ಯಾರಿಗೂ ಹೇಳಲಾಗದು. ಆಸ್ಪತ್ರೆಯಿಂದ ಮನೆಗೆ ಬಂದಾಗ ಮಗುವನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಸುಶೀಲಾಬಾಯಿ ಬಾಗಿಲು ತೆರೆದರು. ನೆಲದ ಮೇಲೆ ಕೂತಿದ್ದ ಸುಮೇಧಾ ನನ್ನನ್ನು ಕಂಡದ್ದೇ ಎರಡೂ ಕೈ ಚಾಚಿ ನಕ್ಕಳು. ಇವಳಂಥದೇ ಇನ್ನೊಂದು ಮಗು ಬೇಡವೆಂದು ಹೇಳಿ ಬಂದಿದ್ದೆ ನಾನು. ಅವಳನ್ನು ಎತ್ತಿಕೊಳ್ಳಲು ನನ್ನಿಂದಾಗಲಿಲ್ಲ, ಲಕ್ಷ್ಮೀ. ಹೊಸಿಲಲ್ಲೇ ನಿಂತುಬಿಟ್ಟೆ. ಅವಳು ಕೈ ಇಳಿಸಲೇ ಇಲ್ಲ.