ನೀರಿನ ಗಂಟೆ

ಮನೆಯಿಂದ,
ಹತ್ತನೇ ತಾರೀಖು, ಶುಕ್ರವಾರ

ಪ್ರೀತಿಯ ಮಗನೇ,

ನಿನ್ನ ಬೆನ್ನುನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ, ಇಲ್ಲ ಫೈಲುಗಳ ಮಧ್ಯೆ ಬಿಸ್ಕತ್ತು ಕಡಿದು ದಿನ ದೂಡುತ್ತೀಯಾ? ಶಾಲೆ ಮಕ್ಕಳ ಆರೋಗ್ಯಕ್ಕೆ ನಿಯಮ ಬರೆಯುವವನು ಮೊದಲು ತನ್ನ ಹೊಟ್ಟೆ ನೋಡಿಕೊಳ್ಳಬೇಕಪ್ಪಾ. ನನ್ನ ಮಂಡಿಯೂ ನನ್ನ ಹಾಗೇ ಗೊಣಗುತ್ತಾ ಇದೆ, ಹೊಸದೇನಿಲ್ಲ. ಫೋನು ಮಾಡಿದರೆ "ಮೀಟಿಂಗಲ್ಲಿದ್ದೀನಮ್ಮಾ" ಅಂತ ಇಟ್ಟುಬಿಡುತ್ತೀ. ಕಾಗದದ ಬಾಯಿಯನ್ನು ಹಾಗೆ ಅರ್ಧಕ್ಕೆ ಮುಚ್ಚಿಸಲಾಗದು, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಮಗಳು ಗುಬ್ಬಿಗೆ ಸ್ವಲ್ಪ ಜ್ವರ ಅಂತ ನಿನ್ನ ಹೆಂಡತಿ ಹೇಳಿದ್ದಾಳಲ್ಲ, ಅದು ಬರೀ ಜ್ವರವಲ್ಲ. ನೀನು ದೂರದಲ್ಲಿ ಕೂತು ಗಾಬರಿಯಾಗುತ್ತೀಯ ಅಂತ ಪಾಪ ಅವಳು ಮುಚ್ಚಿಟ್ಟಳು. ನನ್ನ ಬಾಯಲ್ಲಿ ಅದೆಲ್ಲ ನಿಲ್ಲುವುದಿಲ್ಲ. ಗುಬ್ಬಿಗೆ ಮೂತ್ರದ ಸೋಂಕಾಗಿದೆ, ಎರಡನೇ ಸಲ. ಉರಿ ಅಂತ ಬಚ್ಚಲಲ್ಲಿ ನನ್ನ ಕೈ ಹಿಡಿದುಕೊಂಡು ಅಳುತ್ತದೆ ಮಗು. "ಇವಳು ನೀರು ಕುಡಿಯಲ್ಲ, ದಿನವಿಡೀ ತಡ್ಕೊಂಡು ಕೂರ್ತಾಳೆ. ಹೀಗೇ ಆದ್ರೆ ಕಿಡ್ನಿಗೆ ತೊಂದರೆ" ಅಂದರು ಡಾಕ್ಟರಮ್ಮ. ನಾನು ನಂಬಲಿಲ್ಲ. ದಿನಾ ಬಾಟಲಿ ಖಾಲಿಯಾಗೇ ಬರುತ್ತಲ್ಲ! ಮೇಲಾಗಿ ಅವಳ ಶಾಲೆಯಲ್ಲಿ ದಿನಕ್ಕೆ ಮೂರು ಸಲ ನಿನ್ನದೇ ನೀರಿನ ಗಂಟೆ ಹೊಡೆಯುತ್ತದೆ. ಗಂಟೆ ಹೊಡೆದರೆ ಎಲ್ಲ ಮಕ್ಕಳೂ ಪಾಠ ನಿಲ್ಲಿಸಿ ನೀರು ಕುಡಿಯಬೇಕು ಅಂತ ನೀನು ಹೊರಡಿಸಿದ ನಿಯಮ. ಅದಕ್ಕೆ ಪೇಪರಿನಲ್ಲಿ ನಿನ್ನ ಫೋಟೋ ಬಂದಾಗ ಬೀದಿಗೆಲ್ಲ ತೋರಿಸಿಕೊಂಡು ಬಂದವಳು ನಾನೇ. ಹೆತ್ತವರಿಗೆ ಹೆಗ್ಗಣ ಮುದ್ದು.

ನಿನ್ನೆ ರಜೆಚೀಟಿ ಕೊಡಲು ಶಾಲೆಗೆ ಹೋಗಿದ್ದೆ. ಜಗಲಿಯಲ್ಲಿ ನಿಂತಿದ್ದಾಗಲೇ ಗಂಟೆ ಹೊಡೆಯಿತು. ಹುಡುಗಿಯರೆಲ್ಲ ಬಾಟಲಿ ಎತ್ತಿದರು, ತುಟಿಗೆ ತಾಗಿಸಿದರು, ಟೀಚರು "ಗುಡ್" ಅಂತ ಅತ್ತ ತಿರುಗಿದ್ದೇ ತಡ, ಕಿಟಕಿಯ ಹೊರಗಿನ ಹೂಕುಂಡಗಳಿಗೆ ಸುರಿದರು. ನೀರು ಹೆಚ್ಚಾಗಿ ಆ ಗಿಡಗಳ ಬೇರೇ ಕೊಳೆತಿದೆ ಮಾರಾಯಾ! "ಯಾಕ್ರೇ ಹೀಗೆ?" ಅಂತ ಕೇಳಿದೆ. ಒಬ್ಬಳು ಜಗಲಿಯ ತುದಿಗೆ ಬೆರಳು ತೋರಿಸಿ, "ಕುಡಿದ್ರೆ ಅಲ್ಲಿಗೆ ಹೋಗ್ಬೇಕಲ್ಲ ಅಜ್ಜಿ" ಅಂದಳು.

ಹೋಗಿ ನೋಡಿದೆ, ಹುಡುಗಿಯರ ಶೌಚಾಲಯ. ನೋಡಬಾರದಿತ್ತು. ಬಾಗಿಲಿಗೆ ಚಿಲಕವಿಲ್ಲ, ಒರಗಿಸಿದ ಇಟ್ಟಿಗೆಯೂ ನಿಲ್ಲುವುದಿಲ್ಲ. ನಲ್ಲಿ ತಿರುಗಿಸಿದರೆ ಬರೀ ಗಾಳಿ. ನೆಲದ ಮೇಲೆ ನಿಂತದ್ದು ನೀರಲ್ಲ. ಗುಂಡಿ ಕಟ್ಟಿಕೊಂಡು ಉಕ್ಕಿ, ಗೋಡೆಯ ಮೇಲೂ ಹುಳು ಹತ್ತಿತ್ತು. ಆದರೂ ಬರೆಯುತ್ತೇನೆ, ನೀನೂ ಓದು. ಚಪ್ಪಲಿಯನ್ನು ಮನೆಯ ಹೊರಗೇ ಬಿಸಾಡಿದೆ. ಎಂಟು ವರ್ಷದ ಮಗು ಅಲ್ಲಿ ಲಂಗ ಎತ್ತಿಕೊಂಡು, ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡು ಕೂರಬೇಕು. ಥೂ!

ಅಲ್ಲಿಂದ ಸೀದಾ ಆರೋಗ್ಯ ಕೊಠಡಿಗೆ ನುಗ್ಗಿದೆ. ಅಬ್ಬಾ, ಏನು ವೈಭೋಗ! ಯಾರೂ ಮಲಗದ ಮಂಚಕ್ಕೆ ಸುಕ್ಕಿಲ್ಲದ ಬಿಳಿ ಹೊದಿಕೆ, ಹಲ್ಲಿನ ಚಿತ್ರ, ಕೈ ತೊಳೆಯುವ ಚಿತ್ರ, ತೂಕದ ಯಂತ್ರ. ಪಕ್ಕದಲ್ಲೇ ಬಿಳಿ ಟೈಲ್ಸಿನ ಶೌಚಾಲಯ, ಅದಕ್ಕೆ ಬೀಗ. ಯಾಕಮ್ಮಾ ಬೀಗ ಅಂದರೆ ನರ್ಸು, "ಅದು ಇನ್‌ಸ್ಪೆಕ್ಷನ್‌ಗೆ ಬರೋರಿಗೆ. ಮಕ್ಕಳಿಗೆ ಬಿಟ್ರೆ ಗಲೀಜು ಮಾಡ್ತಾರಲ್ಲಮ್ಮಾ" ಅಂತ ಬೀಗದ ಕೈ ಜೇಬಿಗಿಳಿಸಿದಳು. ಹೋದ ವಾರ ಹೊಟ್ಟೆನೋವು ಅಂತ ಗುಬ್ಬಿ ಅವಳ ಹತ್ತಿರ ಹೋಗಿದ್ದಳಂತೆ. ನಿಯಮದಲ್ಲಿ ಇರುವ ಹಾಗೆ ಒಂದು ಲೋಟ ನೀರು ಕುಡಿಸಿ ಕಳಿಸಿದಳಂತೆ, ಮಹಾತಾಯಿ! ಹೆಡ್‌ಮೇಡಂ ಹತ್ತಿರ ಕೂಗಾಡಿದೆ. ಅವರು ನಗುನಗುತ್ತಾ, "ನಿಮ್ಮ ಮಗನ ಸುತ್ತೋಲೆಯನ್ನ ಅಕ್ಷರಶಃ ಪಾಲಿಸ್ತಿದ್ದೀವಮ್ಮಾ. ಅದರಲ್ಲಿ ಶೌಚಾಲಯದ ವಿಷಯ ಇಲ್ಲ" ಅಂದರು. ಮೇಲೆ ಥಳಕು ಒಳಗೆ ಹುಳುಕು ಅಂತ ಅವರಿಗೆ ಅನ್ನೋಣವೆಂದರೆ, ಸುತ್ತೋಲೆ ಬರೆದವನು ನನ್ನ ಮಗನೇ. ನೀರು ಒಳಗೆ ಹೋಗಲು ಮೂರು ಸಲ ಗಂಟೆ ಇಟ್ಟೆಯಲ್ಲೋ, ಹೊರಗೆ ಬರಲು ಒಂದು ಸಾಲು ಬರೆಯಬಾರದಿತ್ತೇನೋ? ಅವರ ಮೇಲೆ ಬಂದ ಅಸಹ್ಯವೇ ನಿನ್ನ ಮೇಲೂ ಬಂತು. ಮಗನ ಮೇಲೆ ಹೀಗೆ ಅನ್ನಿಸಿದ್ದು ಇದೇ ಮೊದಲು, ಅದಕ್ಕೆ ನಿನ್ನೆ ಅನ್ನ ಸೇರಲಿಲ್ಲ.

ಗುಬ್ಬಿಗೆ ಇವತ್ತು ಜ್ವರ ಇಳಿದಿದೆ, ಉರಿಯೂ ಕಡಿಮೆ. ನಿನ್ನ ಹೆಂಡತಿ ಅವಳ ಪಕ್ಕದಲ್ಲೇ ಕೂತು ಗುಟುಕು ಗುಟುಕಾಗಿ ನೀರು ಕುಡಿಸುತ್ತಿದ್ದಾಳೆ. ನೀನೂ ಬೆನ್ನಿನ ಔಷಧಿ ತಪ್ಪಿಸಬೇಡ. ಬೈದೆನೆಂದು ಮುನಿಸಿಕೊಳ್ಳಬೇಡ, ಬೈಯಲು ನನಗಿರುವವನು ನೀನೊಬ್ಬನೇ. ಚೆನ್ನಾಗಿರು, ಕಣ್ಣು ತೆರೆದುಕೊಂಡಿರು.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಹೆಡ್‌ಮೇಡಂ ಫೋನು ಮಾಡಿದ್ದರು. ಇಪ್ಪತ್ತನೇ ತಾರೀಖು ನೀನೇ ಬಂದು ಆ ಶಾಲೆಗೆ ಆರೋಗ್ಯದ ಬಹುಮಾನ ಕೊಡುತ್ತೀಯಂತೆ. ವೇದಿಕೆಯಲ್ಲಿ ನೀನು ಗಂಟೆ ಬಾರಿಸಿದ ಕೂಡಲೇ ಸಾಹೇಬರ ಮಗಳೇ ತುಂಬಿದ ಲೋಟ ನೀರು ಕುಡಿದು ತೋರಿಸಬೇಕಂತೆ. ಗುಬ್ಬಿ ಮಂಚದಿಂದಲೇ ಎಲ್ಲ ಕೇಳಿಸಿಕೊಂಡಳು. "ಅಪ್ಪ ಗಂಟೆ ಹೊಡೆದ್ರೆ ಪೂರ್ತಿ ಕುಡೀಲೇಬೇಕಾ ಅಜ್ಜಿ? ಆಮೇಲೆ ನಾನು ಎಲ್ಲಿಗೆ ಹೋಗ್ಲಿ?" ಅಂದಳು. ನಿಮ್ಮಪ್ಪನನ್ನೇ ಕೇಳಿ ಹೇಳುತ್ತೇನೆ ಅಂದಿದ್ದೇನೆ.