ಎಂಜಿನ್ನು ಬಿಸಿಲಿಗೆ ಬಂದದ್ದು

ಅಕ್ಟೋಬರ್ 17, ಗುರುವಾರ

ಆ ಜ್ಬಿನ್ಯೆಕ್‌ನ ಕೈಗೆ ಹುಳ ಬೀಳಲಿ. ಸ್ನೇಹಿತನಂತೆ, ಸ್ನೇಹಿತ! ರಾತ್ರಿ ಊಟ ಸೇರಲಿಲ್ಲ.

ಭಾನುವಾರ ಮಧ್ಯಾಹ್ನ ರೈಲ್ವೆ ಯಾರ್ಡಿನ ಬೇಲಿ ಹತ್ತಿರ ನಾನು, ಅವನು ಇಬ್ಬರೇ ಎಂಜಿನ್ನುಗಳ ಫೋಟೋ ತೆಗೆಯೋಕೆ ಕ್ಯಾಮೆರಾ ಹಿಡಿದು ನಿಂತಿದ್ದೆವು. ಒಲೊಮೌತ್ಸ್ ಊರಿನ ಕಡೆಗೆ ಕಲ್ಲಿದ್ದಲು ಎಳೆಯುವ ಹಳೇ ಎಂಜಿನ್ನು ಶೆಡ್ಡಿನ ನೆರಳಲ್ಲಿತ್ತು, ಫೋಟೋ ಕಪ್ಪಗೆ ಬರುತ್ತಿತ್ತು. ಡ್ರೈವರ್ ವ್ಲಾಸ್ತಿಮಿಲ್ ಕಿಟಕಿಯಿಂದ ತಲೆ ಹಾಕಿ, "ಏನ್ರಪ್ಪಾ, ಮದುಮಗಳಿಗೆ ಬಿಸಿಲು ಬೇಕಾ?" ಅಂತ ನಕ್ಕ. ಯಾರ ಅಪ್ಪಣೆಯೂ ಇಲ್ಲದೆ ಒಂದಿಷ್ಟು ಮುಂದಕ್ಕೆ ತಂದು ನಿಲ್ಲಿಸಿದ. ಬರೀ ನಮಗೋಸ್ಕರ.

ಈ ಕತ್ತೆ ಜ್ಬಿನ್ಯೆಕ್ ಆಗ ತಾನು ತೆಗೆದ ಫೋಟೋ ಫೇಸ್‌ಬುಕ್ಕಿಗೆ ಹಾಕಿ ಕೆಳಗೆ ಬರೆದಿದ್ದಾನೆ: 'ನಮಗಾಗಿ ಎಂಜಿನ್ ಬಿಸಿಲಿಗೆ ತಂದ ವ್ಲಾಸ್ತಿಮಿಲ್‌ಗೆ ಧನ್ಯವಾದ.' ರೈಲ್ವೆಯ ಮೇಲಿನವರು ಓದಿದರು. ಇವತ್ತು ವ್ಲಾಸ್ತಿಮಿಲ್‌ನನ್ನು ಡ್ರೈವರ್ ಕೆಲಸದಿಂದ ಇಳಿಸಿದ್ದಾರೆ, ನಾಳೆ ವಿಚಾರಣೆ.

ಫೋನಲ್ಲಿ ಜ್ಬಿನ್ಯೆಕ್‌ಗೆ ಬೈದೆ. "ಉಪಕಾರ ನೆನೆಯೋದೂ ತಪ್ಪೇನೋ ಪುಕ್ಕಲ?" ಅಂತಾನೆ. ಅಳಿಸು ಅಂದರೆ, "ಎಷ್ಟು ಜನ ಲೈಕ್ ಕೊಟ್ಟಿದಾರೆ ನೋಡು" ಅಂತಾನೆ. ಇನ್ನು ಅವನ ಮುಖ ನೋಡಲ್ಲ.

ಆಮೇಲೆ ವ್ಲಾಸ್ತಿಮಿಲ್‌ಗೆ ಫೋನ್ ಮಾಡಿದೆ. ಸುಳ್ಳಾದರೂ ಸರಿ, ನಾವೇ ಕೇಳಿಕೊಂಡದ್ದು ಅಂತ ನಾಳೆ ವಿಚಾರಣೆಗೆ ಬಂದು ಹೇಳ್ತೀನಿ ಅಂದೆ. ಅವನು ಒಪ್ಪಲಿಲ್ಲ.

"ಬೇಡಪ್ಪಾ. ಕ್ಯಾಮೆರಾ ಇರೋರು ಯಾರೂ ಇನ್ನು ನನ್ನ ಹತ್ತಿರ ಬರಬೇಡಿ."

ನಾನು ತೆಗೆದ ಫೋಟೋನ ಯಾರಿಗೂ ತೋರಿಸಿಲ್ಲ ಅನ್ನೋಷ್ಟರಲ್ಲಿ ಫೋನ್ ಇಟ್ಟುಬಿಟ್ಟ.