ಸಕ್ಕರೆ ಪೊಟ್ಟಣದ ಇಂಗ್ಲಿಷ್

೧೯೬೨ ಜುಲೈ ೯, ಸಂಜೆ
ಎಂಟನೆಯ ತರಗತಿಗೆ ಇವತ್ತೂ ವರ್ಬ್. "ವರ್ಬ್ ಅಂದರೆ ಎಂತ?" ಎಂದು ಕೇಳಿದರೆ ಇಪ್ಪತ್ತಾರು ತಲೆ ನೆಲ ನೋಡಿದವು. ಕಳೆದ ವರ್ಷವಾಗಿದ್ದರೆ ಹವ್ವಮ್ಮ ಕೈ ಎತ್ತುತ್ತಿದ್ದಳು. ದೊಡ್ಡವಳಾದಳು, ಬೇಸಗೆ ರಜೆಯ ನಂತರ ಶಾಲೆಗೆ ಬರಲಿಲ್ಲ. ಊರ ಪದ್ಧತಿ. ನನ್ನ ತಂಗಿಯನ್ನೂ ಹೀಗೇ ಬಿಡಿಸಿದ್ದರು. ಆಗ ನಾನೂ ಬಾಯಿ ಬಿಡಲಿಲ್ಲ.

ಜುಲೈ ೨೧
ಹವ್ವಮ್ಮನ ಅಪ್ಪ ಅದ್ದು ಬ್ಯಾರಿಯ ಅಂಗಡಿಯಿಂದ ಸಕ್ಕರೆ ತಂದೆ. ಮನೆಯಲ್ಲಿ ಪೊಟ್ಟಣ ಬಿಚ್ಚಿದರೆ ಕಾಗದದ ಒಳಮೈಯಲ್ಲಿ ಪೆನ್ಸಿಲ್ ಅಕ್ಷರ. ಅವಳದೇ. "ಸರ್, ಟ್ರಾನ್ಸಿಟಿವ್ ವರ್ಬ್ ತನಕ ಆಗಿತ್ತು. ಮುಂದೆ ಎಂತ?"
ಅಂಗಡಿಯ ಹಿಂದೆಯೇ ಅವರ ಮನೆ. ತಾಯಿ ಬೀಫಾತುಮ್ಮನ ಉಪಾಯವಿರಬೇಕು. ಅಪ್ಪನಿಗೆ ಗೊತ್ತಾದರೆ ಮುಗಿಯಿತು.

ಜುಲೈ ೨೫
ಇಂಟ್ರಾನ್ಸಿಟಿವ್ ಬರೆದ ಹಾಳೆಯನ್ನು ಸಾಮಾನಿನ ಚೀಲದ ಅಡಿಗೆ ಹಾಕಿ, ತುಂಬಿಸಲೆಂದು ಅಂಗಡಿಯಲ್ಲಿ ಕೊಟ್ಟೆ. ಅದ್ದು ಚೀಲ ಒಳಗೆ ಕೊಂಡುಹೋದ. ನನ್ನ ಮುಖ ನೋಡಲಿಲ್ಲ.

ಸೆಪ್ಟೆಂಬರ್ ೩೦
ಈ ತಿಂಗಳ ಮೊದಲಲ್ಲೇ ಸಕ್ಕರೆ ಡಬ್ಬ ತುಂಬಿತು. ಹೆಂಡತಿ ದುಗ್ಗಮ್ಮ ಬೈದಳು. "ಇದೆಂತ ಮಾರಾಯ್ರೆ, ನಾವು ಇರುದು ಇಬ್ಬರು. ಮನೇಲಿ ಮದುವೆ ಉಂಟಾ?" ಎಲ್ಲ ಹೇಳಿದೆ. ಈಗ ಅವಳೇ ಪ್ರತಿ ಬುಧವಾರ ಚೀಲ ತಂದು ಕೈಗೆ ಕೊಡುತ್ತಾಳೆ.
ಹವ್ವಮ್ಮನ ಉದಾಹರಣೆಗಳು: 'ಮದರ್ ಗ್ರೈಂಡ್ಸ್ ರೈಸ್' — ಸಕರ್ಮಕ. 'ಐ ಸಿಟ್' — ಅಕರ್ಮಕ. ಎರಡನೆಯದಕ್ಕೆ ರೈಟ್ ಹಾಕುವಾಗ ಬೇಸರವಾಯಿತು.

ಡಿಸೆಂಬರ್ ೧೨
ಮಾರ್ಚಿನಲ್ಲಿ ಎಂಟನೆಯ ತರಗತಿಯ ಪಬ್ಲಿಕ್ ಪರೀಕ್ಷೆಗೆ ಹವ್ವಮ್ಮ ಖಾಸಗಿಯಾಗಿ ಕೂರಬಹುದು. ಪಾಸಾದರೆ ಟ್ರೈನಿಂಗ್, ಆಮೇಲೆ ಟೀಚರ್ ಕೆಲಸ. ಅರ್ಜಿಗೆ ಅಪ್ಪನ ರುಜು ಬೇಕು. ಧೈರ್ಯ ಮಾಡಿ ಚೀಲಕ್ಕೆ ಹಾಕಿದೆ.

ಡಿಸೆಂಬರ್ ೧೫
ರುಜು ಬಿದ್ದಿದೆ! ಅಡ್ಡಾದಿಡ್ಡಿ ಅಕ್ಷರ. ಬೀಫಾತುಮ್ಮ ಹೇಗೆ ಹಾಕಿಸಿದಳೋ.

೧೯೬೩ ಜನವರಿ ೧೮, ಸಂಜೆ
ಇನ್‌ಸ್ಪೆಕ್ಟರ್ ಬಂದಿದ್ದರು. ಊರಿನ ನಾಲ್ವರು ಹಿರಿಯರೂ ಇದ್ದರು. ವರ್ಬ್ ಕೇಳಿದರು — ಒಂದು ಕೈಯೂ ಏಳಲಿಲ್ಲ. "ನಿಮ್ಮಲ್ಲಿ ಒಬ್ಬರಿಗೂ ಬರುವುದಿಲ್ಲವೇ?" ನನಗೆ ತಡೆಯಲಾಗಲಿಲ್ಲ. ಜೇಬಿನಿಂದ ಪೊಟ್ಟಣದ ಕಾಗದ ತೆಗೆದು ಓದಿದೆ, ಹವ್ವಮ್ಮ ಎಂದು ಹೆಸರು ಹೇಳಿಯೇ: "ಸರ್, ಹೆಲ್ಪಿಂಗ್ ವರ್ಬ್ ಯಾಕೆ ಮುಂದೆ ಬಂದು ನಿಲ್ಲುದು? ಸಹಾಯ ಮಾಡುವವರು ಹಿಂದೆ ಅಲ್ವಾ ನಿಲ್ಲುದು?"
ಇನ್‌ಸ್ಪೆಕ್ಟರ್ ನಕ್ಕು ಭೇಷ್ ಎಂದರು. ಇಷ್ಟು ಹೆಮ್ಮೆ ನನಗೆ ಈ ಕೆಲಸದಲ್ಲಿ ಎಂದೂ ಆಗಿರಲಿಲ್ಲ.

ಜನವರಿ ೨೬
ಮೂರು ಸಲ ಅಂಗಡಿಗೆ ಹೋದೆ. ಪೊಟ್ಟಣದಲ್ಲಿ ಸಕ್ಕರೆ ಮಾತ್ರ.

ಫೆಬ್ರವರಿ ೩
ಇವತ್ತು ಅದ್ದು ಮಾತಾಡಿದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.
"ನೆಲ್ಯಾಡಿಯಿಂದ ಸಂಬಂಧ ಬಂದಿತ್ತು ಮಾಸ್ಟ್ರೆ. ಪರೀಕ್ಷೆ ಮುಗಿಯಲಿ ಅಂತ ನಾನೇ ಎಳೀತಾ ಇದ್ದೆ. ಈಗ ಅವರು ಕೇಳ್ತಾರೆ, ಹುಡುಗಿ ಮಾಸ್ಟ್ರಿಗೆ ಕಾಗದ ಬರೀತಾಳಂತೆ, ಹೌದಾ ಅಂತ. ನಾನು ಎಂತ ಹೇಳುದು?"
ನಿಮಗೆ ಗೊತ್ತಿತ್ತೇ, ಎಂದೆ.
"ಪೊಟ್ಟಣ ಕಟ್ಟುದು ಯಾರು ಅಂತ ಮಾಡಿದ್ದೀರಿ? ನಾನೇ. ನನಗೆ ಓದ್ಲಿಕ್ಕೆ ಬರುದಿಲ್ಲ. ಅಕ್ಷರ ಹರಿಯದ ಹಾಗೆ ಮಡಚಿ ಕಟ್ತಿದ್ದೆ."
ತಪ್ಪಾಯಿತು ಎಂದೆ.
"ಇನ್ನು ಆ ಮಾತು ಎಂತಕ್ಕೆ. ಉಪವಾಸ ಮುಗಿದು ಹಬ್ಬ ಆದ ಮರುವಾರವೇ ಅವರ ಹುಡುಗನ ಜೊತೆ ನಿಖಾಹ್. ನಿಮಗೆ ಎಷ್ಟು ಸಕ್ಕರೆ?"
ಆರು ತಿಂಗಳು ಅವನು ಬಾಯಿ ಬಿಡಲಿಲ್ಲ. ನಾನು ಒಂದು ಭೇಷ್‌ಗೆ ಬಾಯಿ ಬಿಟ್ಟೆ. ನನ್ನ ಮೇಲೆ ನನಗೇ ಅಸಹ್ಯ.

ಮಾರ್ಚ್ ೧೮, ಸುಳ್ಯ
ಇಂಗ್ಲಿಷ್ ಪರೀಕ್ಷೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂದೆ. ಹವ್ವಮ್ಮನ ಹಾಲ್ ಟಿಕೆಟ್ ನನ್ನಲ್ಲೇ ಉಂಟು. ಬರುವುದಿಲ್ಲ ಎಂದು ಗೊತ್ತು... ಆದರೂ ಬಸ್ ನಿಂತಾಗಲೆಲ್ಲ ನೋಡಿದೆ. ಅವಳ ನಂಬರ್ ಎರಡು ಸಲ ಕರೆದರು. ಬೆಂಚಿನ ಮೇಲೆ ಪ್ರಶ್ನೆಪತ್ರಿಕೆ ಇಟ್ಟರು. ಅರ್ಧ ಗಂಟೆಯ ನಂತರ ತೆಗೆದರು. ಕೇಳಿ ಇಸಿದುಕೊಂಡೆ.
ಮೂರನೆಯ ಪ್ರಶ್ನೆ ಕ್ರಿಯಾಪದದ ವಿಧಗಳು, ಉದಾಹರಣೆ ಸಹಿತ. ಹತ್ತು ಅಂಕ. ಎಲ್ಲ ಅವಳಿಗೆ ಬರುವಂಥದ್ದೇ. ಒಂದೂ ತಪ್ಪುತ್ತಿರಲಿಲ್ಲ. ಒಂದೂ —